ಉಣ್ಣೆ ಅದ್ದಿದ ನೀರು

ಎಮ್ಮೆಗಳ ಬೆನ್ನೇರಿ ಉಣ್ಣೆಹುಳು ಹೆಕ್ಕಿ ತಿನ್ನುತ್ತಿದ್ದ ಬೆಳ್ಳಕ್ಕಿಯೊಂದು ಇದ್ದಕ್ಕಿದ್ದಂತೆ ಆ ಕೆಲಸ ಬಿಟ್ಟು ವೈದ್ಯವೃತ್ತಿ ಹಿಡಿಯಿತು. ಎರಡೂ ಕಿವಿಗಳಲ್ಲಿ ಉಣ್ಣೆ ಕಚ್ಚಿಕೊಂಡು, ಮೇವು ಸೇರದೆ ಬಡವಾಗಿದ್ದ ಮುದಿ ಎಮ್ಮೆ ಅದರ ಬಳಿಗೆ ಬಂತು.

"ಉಣ್ಣೆಯ ಕಾಟಕ್ಕೆ ಉಣ್ಣೆಯೇ ಮದ್ದು. ಒಂದನ್ನು ಗುಂಡಿಯ ನೀರಿನಲ್ಲಿ ಅದ್ದಿ ತೆಗೆದೆ. ಆ ನೀರಿನ ಹನಿಯನ್ನು ಹೊಂಡಕ್ಕೆ, ಹೊಂಡದ ಹನಿಯನ್ನು ಈ ಕೆರೆಗೆ ಹಾಕಿದ್ದೇನೆ. ತೆಳುವಾದಷ್ಟೂ ಬಲ ಹೆಚ್ಚು. ಕುಡಿಯಮ್ಮ," ಎಂದಿತು ಬೆಳ್ಳಕ್ಕಿ.

"ಈ ನೀರಿನಲ್ಲಿ ಉಣ್ಣೆಯ ಅಂಶ ಏನಾದರೂ ಉಳಿದಿದೆಯೇ ಸ್ವಾಮಿ?"

"ಇಲ್ಲ. ಆದರೆ ನೀರಿಗೆ ಅದರ ನೆನಪಿದೆ."

ಎಮ್ಮೆ ನಂಬಿ ಹೊಟ್ಟೆ ತುಂಬ ಕುಡಿಯಿತು. ಬಾಯಾರಿಕೆ ಹೋಯಿತು, ಉಣ್ಣೆ ಹೋಗಲಿಲ್ಲ. ದಿನವೂ ಬಂದು ಕುಡಿಯಿತು, ಕಿವಿ ಇನ್ನಷ್ಟು ಊದಿತು. ಕೊನೆಗೆ ಅದನ್ನು ಹೇಳಿಕೊಳ್ಳಲು ಬಂದಾಗ ವೈದ್ಯರೇ ರೆಕ್ಕೆ ಇಳಿಬಿಟ್ಟು ದಡದಲ್ಲಿ ಕೂತಿದ್ದರು. ಹೆಕ್ಕುವುದನ್ನು ಬಿಟ್ಟ ಮೇಲೆ ಅವರ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿರಲಿಲ್ಲ.

"ಹಸಿವೇ ಸ್ವಾಮಿ?" ಎಂದು ಎಮ್ಮೆ ಕಳಕಳಿಯಿಂದಲೇ ಕೇಳಿತು. "ಉಣ್ಣೆಯ ನೆನಪಿರುವ ನೀರು ಇಲ್ಲೇ ಇದೆಯಲ್ಲ. ಒಂದು ಗುಟುಕಿಗೆ ನಿಮ್ಮ ಹೊಟ್ಟೆ ತುಂಬಬೇಕು."

ಬೆಳ್ಳಕ್ಕಿ ಕೆರೆಯನ್ನು ನೋಡಿತು, ಎಮ್ಮೆಯ ಕಿವಿಯನ್ನು ನೋಡಿತು. ಆಮೇಲೆ ಕೊಂಬಿನ ಮೇಲೆ ಹಾರಿ ಕೂತು, ಒಂದು ಕಿವಿಗೆ ಕೊಕ್ಕು ಇಳಿಸಿ, ರಕ್ತ ಕುಡಿದು ಉಬ್ಬಿದ್ದ ಉಣ್ಣೆಯನ್ನು ಕಿತ್ತು ನುಂಗಿತು.

ಎಮ್ಮೆ ಕಿವಿ ಕೊಡವಿ ಸುಖವಾಗಿ ಕಣ್ಣು ಮುಚ್ಚಿತು.

"ಇವತ್ತಿನ ಮದ್ದು ನಾಟಿತು ಸ್ವಾಮಿ. ಆ ಕಿವಿಗೂ ಇದನ್ನೇ ಕೊಡಿ."