ನೀರು ಮುಟ್ಟದ ಕೋಲು

ಕೃಷ್ಣೆಯ ನಡುಗಡ್ಡೆಯೊಂದರ ಮೇಲೆ ಒಂದೇ ಮನೆ, ಆ ಮನೆಗೆ ಒಬ್ಬನೇ ಮಗ, ಆ ಮಗನಿಗೆ ಬುದ್ಧಿಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಹೆಸರು ಜಂಬಣ್ಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ತಾಯಿ ಸಾಬಮ್ಮನ ಗೋಳು. ಮದುವೆಯಾದರೆ ಸರಿಹೋದಾನು ಎಂದು ಅಂಬಿಗರ ಮನೆಯ ದ್ಯಾವಮ್ಮನನ್ನು ತಂದಳು. ಕೂಸು ಹುಟ್ಟಿತು, ಕೂಸಿಗೆ ಹಲ್ಲು ಬಂತು, ಇವನಿಗೆ ಬುದ್ಧಿ ಮಾತ್ರ ಬರಲಿಲ್ಲ.

ಆ ಸಲ ಹೊಳೆ ತುಂಬಿತು. ಅತ್ತಲಿಂದ ಬರುವವರಿಲ್ಲ, ಇತ್ತಲಿಂದ ಹೋಗುವವರಿಲ್ಲ. ಬೇರೆಯವರಾದರೆ ಹೆದರುತ್ತಿದ್ದರು, ಇವರಿಗೆ ಅದೇ ಹಬ್ಬ. ಹೊಲದ ಕೆಲಸ ತಪ್ಪಿತು. ಒಲೆ ಮುಂದೆ ಕೂತು ಶೇಂಗಾ ಹುರಿದು ತಿನ್ನುವುದು, ಕೂಸನ್ನು ಆಡಿಸುವುದು, ನಗುವುದು. ಸಾಬಮ್ಮನ ಮೊಣಕಾಲು ಬಾತಿತ್ತು, ದ್ಯಾವಮ್ಮನ ಮಡಿಲಲ್ಲಿ ಕೂಸು. ಹಾಗಾಗಿ ಹೊರಗಿನ ಕೆಲಸ ಜಂಬಣ್ಣನ ಪಾಲಿಗೆ ಬಂತು.

"ಹರಿಗೋಲು ತಂದು ಮನಿ ಮುಂದ ಇಡಪಾ. ನೀರು ಏರಿದ್ರ ಅದೊಂದೇ ದಿಕ್ಕು," ಅಂದಳು ತಾಯಿ. ಬುಟ್ಟಿಯಂಥ ಆ ದೋಣಿಯನ್ನು ಹೊತ್ತು ತಂದಿಟ್ಟ. ಬೆಳಗಾಗುವಷ್ಟರಲ್ಲಿ ಮಳೆನೀರು ತುಂಬಿ ತುಳುಕುತ್ತಿತ್ತು.

"ಏ ಮಂಕೇ, ಮಳಿ ಬಂದ್ರ ಬೋರಲು ಹಾಕಬೇಕೋ!"

"ಆತವ್ವ, ಇನ್ನ ಹಂಗೇ ಮಾಡ್ತೀನಿ."

ಹೊಳೆನೀರು ಕೆಸರು. ಕುಡಿಯಲು ಮಳೆನೀರು ಹಿಡಿಯೋಣವೆಂದು ದ್ಯಾವಮ್ಮ ಅಂಗಳದ ತುಂಬ ಕೊಡ ಇಟ್ಟಳು. ಮಳೆ ಬಂತು. ಜಂಬಣ್ಣ ನೆನೆಯುತ್ತ ಓಡಿಹೋಗಿ ಎಲ್ಲ ಕೊಡ ಬೋರಲು ಹಾಕಿ ಬಂದ.

"ಯಾರು ಹೇಳಿದ್ರೋ ನಿನಗ? ಯಾವುದು ಎಲ್ಲಿ ಐತೋ ಅಲ್ಲೇ ಇರಲಿ. ಮುಟ್ಟಬ್ಯಾಡ."

"ಆತವ್ವ, ಇನ್ನ ಹಂಗೇ ಮಾಡ್ತೀನಿ."

ಮರುದಿನ ಕೆಳಗೆ ಹೊಳೆಯಂಚಿನಲ್ಲಿ ಮನೆಯ ಆಡು ಅರಚತೊಡಗಿತು. ಗೂಟಕ್ಕೆ ಕಟ್ಟಿದ ಆಡು, ನೀರು ಅದರ ಹೊಟ್ಟೆ ಮುಟ್ಟಿದೆ, ಜಂಬಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾನೆ. ದ್ಯಾವಮ್ಮ ಓಡಿಬಂದು ಹಗ್ಗ ಬಿಚ್ಚಿದಳು. ಸಾಬಮ್ಮ ಹಣೆ ಹಣೆ ಬಡಿದುಕೊಂಡಳು.

"ನೀರು ಹತ್ರ ಬಂದ್ರ ಗೂಟ ಕಿತ್ತು ಮ್ಯಾಲೆ ಬಡೀಬೇಕು. ಇಷ್ಟೂ ತಿಳೀವಲ್ದೇನು?"

"ಆತವ್ವ, ಇನ್ನ ಹಂಗೇ ಮಾಡ್ತೀನಿ."

ಹೊಳೆ ಏರುತ್ತಲೇ ಇತ್ತು. ಈಗ ಸಾಬಮ್ಮನಿಗೂ ಅಳುಕು ಹುಟ್ಟಿತು. ನಡುಗಡ್ಡೆಯವರು ಇಂಥ ಹೊತ್ತಿನಲ್ಲಿ ನೀರಿನ ಅಂಚಿಗಿಂತ ತುಸು ಮೇಲೆ ಒಂದು ಕೋಲು ನೆಡುತ್ತಾರೆ. ನೀರು ಕೋಲು ಮುಟ್ಟಿತೆಂದರೆ ಹರಿಗೋಲು ಹತ್ತಿ ಹೊರಡಬೇಕು. ಆಮೇಲೆ ಹೊರಟರೆ ಸೆಳವು ದಡ ಮುಟ್ಟಗೊಡುವುದಿಲ್ಲ. ದ್ಯಾವಮ್ಮ ಕೋಲು ನೆಟ್ಟು ಬಂದಳು, ಕಾಯಲು ಜಂಬಣ್ಣನನ್ನು ಕಳಿಸಿದರು.

"ನೀರು ಮುಟ್ಟೇತೇನೋ?" ಒಳಗಿನಿಂದ ತಾಯಿ ಕೇಳಿದಳು.

"ಇಲ್ಲವ್ವ, ಕೋಲು ಒಣ ನೆಲದಾಗ ಐತಿ."

ಸುಳ್ಳಲ್ಲ. ನೀರು ಹತ್ತಿರ ಬಂದಾಗಲೆಲ್ಲ ಕೋಲು ಕಿತ್ತು ಮೇಲೆ ಬಡಿಯುತ್ತಿದ್ದ.

"ಹಂಗಾರ ಹೊಳಿ ನಿಂತೈತಿ," ಎಂದು ಸಾಬಮ್ಮ ಕಾಲು ಚಾಚಿದಳು. ದ್ಯಾವಮ್ಮ ಶೇಂಗಾದ ಜೊತೆಗೆ ಬೆಲ್ಲ ತೆಗೆದಳು. ಕೂಸು ಕೇಕೆ ಹಾಕಿತು.

"ನೀರು ಮುಟ್ಟೇತೇನೋ?"

"ಇಲ್ಲವ್ವ, ಒಣ ನೆಲದಾಗೇ ಐತಿ."

"ಅತ್ತಿ, ಯಾಕೋ ಹೊಳಿ ಸಪ್ಪಳ ಹತ್ರ ಆದಂಗೈತಿ," ಅಂದಳು ದ್ಯಾವಮ್ಮ. ಅವಳ ಬಾಯಲ್ಲಿದ್ದ ಬೆಲ್ಲ ಹಾಗೇ ಉಳಿಯಿತು. ಅಷ್ಟರಲ್ಲಿ ಹೊಸ್ತಿಲ ಹತ್ತಿರ ಟಕ್ ಟಕ್ ಎಂದು ಕೇಳಿಸಿತು.

"ಏನೋ ಅದು?"

"ಕೋಲು ಬಡ್ಯಾಕತ್ತೀನವ್ವ. ನೀ ಸ್ವಲ್ಪ ಕಾಲು ಮಡಚು, ಮುಂದಿನ ಸಲ ಅಲ್ಲೇ ಬಡೀಬೇಕು."

ಅವನ ಹಿಂದೆಯೇ ನೀರು ಒಳಗೆ ಬಂತು. ಒಲೆ ಚೊಂಯ್ ಎಂದು ಆರಿತು.

ಬೈಯಲೂ ಪುರುಸೊತ್ತಿರಲಿಲ್ಲ. ದ್ಯಾವಮ್ಮ ಬೋರಲು ಹಾಕಿದ್ದ ಹರಿಗೋಲು ಮಗುಚಿ, ಅತ್ತೆಯನ್ನು ಕೂರಿಸಿ, ಆಡನ್ನು ಎಳೆದು ಹಾಕಿ ಹುಟ್ಟು ಹಿಡಿದಳು. ಕೂಸನ್ನು ಗಂಡನ ಕೈಗೆ ಕೊಟ್ಟು ಅವನ ಮುಖವನ್ನೇ ನೋಡುತ್ತ ಅಂದಳು: "ಏನರ ಆಗಲಿ, ನಾ ಬಿಡು ಅನ್ನೋತನಕ ಕೂಸು ಬಿಡಬ್ಯಾಡ."

"ಆತು ದ್ಯಾವಿ, ಹಂಗೇ ಮಾಡ್ತೀನಿ."

ನಡುಹೊಳೆಯಲ್ಲಿ ಸೆಳವು ಹರಿಗೋಲನ್ನು ಗರಗರ ತಿರುಗಿಸಿತು. ಮುಳುಗಿದ ಮರವೊಂದಕ್ಕೆ ಬಡಿದು ಅದು ವಾಲಿತು. "ಅಂಚು ಹಿಡ್ಕೋ!" ಎಂದು ತಾಯಿ ಕಿರುಚಿದಳು. ಜಂಬಣ್ಣ ಹಿಡಿಯಲಿಲ್ಲ. ಬಿದ್ದ, ಹಣೆ ಒಡೆಯಿತು, ಕಣ್ಣಿಗೆ ರಕ್ತ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಕೂಸಿನ ಸುತ್ತ ಅವನ ಎರಡೂ ಕೈ ಬಿಗಿದುಕೊಂಡೇ ಇದ್ದವು.

ದಡದ ಜನ ಹಗ್ಗ ಎಸೆದು ಎಳೆದುಕೊಂಡರು. ಕೂಸು ಹಸಿದು ಅಳುತ್ತಿತ್ತು. ಒಬ್ಬರು ಕೈ ಚಾಚಿದರು, ಜಂಬಣ್ಣ ಕೊಡಲಿಲ್ಲ. ತಾಯಿ ಕೇಳಿದಳು, ಕೊಡಲಿಲ್ಲ.

"ಕೊಡೋ, ಕೂಸು ಹಸದೈತಿ!"

"ದ್ಯಾವಿ ಇನ್ನ ಅಂದಿಲ್ಲವ್ವ."

ದ್ಯಾವಮ್ಮ ಬಂದಳು. ಬಿಡು ಎನ್ನಲು ಬಾಯಿ ತೆರೆದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಮೊದಲು ಗಂಡನ ಹಣೆಯ ರಕ್ತ ಒರೆಸಿದಳು. ಆಮೇಲೆ ಅವನೆದುರು ಮಂಡಿಯೂರಿ, ಕೂಸಿನ ಕೆಳಗೆ ಸೆರಗು ಅಗಲವಾಗಿ ಹಿಡಿದು, ಎರಡೂ ತುದಿ ಕೈಗೆ ಗಟ್ಟಿಯಾಗಿ ಸುತ್ತಿಕೊಂಡು ಹೇಳಿದಳು:

"ಹೂಂ, ಈಗ ಬಿಡು."

ಜಂಬಣ್ಣ ಎರಡೂ ಕೈ ಬಿಟ್ಟ.