ಬಳೆಗಾರನ ಮಗಳ ಕೈ

ಬಳೆಗಾರ ಶಾಂತಪ್ಪನ ಕೈಗುಣ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಬಳೆಯ ಗಂಟು ಹೊತ್ತು ಅವನು ಓಣಿಗೆ ಕಾಲಿಟ್ಟರೆ ಹೆಂಗಸರು ಒಲೆಯ ಮೇಲಿನ ಹಾಲನ್ನೂ ಮರೆತು ಕಟ್ಟೆಗೆ ಬಂದು ಕೂರುತ್ತಿದ್ದರು. ಕೈಯನ್ನೊಮ್ಮೆ ನೋಡಿದರೆ ಸಾಕು, ಅಳತೆ ಹೇಳುತ್ತಿದ್ದ. ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿ, ಅಂಗೈ ಮಡಿಸಿ, ಅವರ ಸುಖದುಃಖ ವಿಚಾರಿಸುತ್ತಲೇ ಬಳೆ ಏರಿಸಿಬಿಡುತ್ತಿದ್ದ. ಕೊನೆಗೆ ಪ್ರತಿಯೊಬ್ಬರನ್ನೂ ತಪ್ಪದೆ ಒಂದು ಮಾತು ಕೇಳುತ್ತಿದ್ದ: "ಬಿಗಿ ಆತೇನವ್ವ?" ಶಾಂತಪ್ಪ ತೊಡಿಸುವಾಗ ಒಂದು ಬಳೆಯೂ ಒಡೆದದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಅವನೂ ಹೇಳಿಕೊಳ್ಳುತ್ತಿದ್ದ, ಜನರಿಗಿಂತ ಸ್ವಲ್ಪ ಜಾಸ್ತಿಯೇ.

ಅವನಿಗೆ ಒಬ್ಬಳೇ ಮಗಳು. ಹೆಸರು ದಾಕ್ಷಾಯಣಿ, ಮನೆಯಲ್ಲಿ ದಾಕ್ಷಿ. ಬಹಳ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು. ಪ್ರತಿ ಹುಟ್ಟುಹಬ್ಬಕ್ಕೂ ಅವಳ ಎರಡೂ ಕೈಗೆ ತಾನೇ ಕೆಂಪು ಬಳೆ ತೊಡಿಸುವುದು ಶಾಂತಪ್ಪನ ಪದ್ಧತಿ. ಮೊದಲ ವರ್ಷ ತೊಡಿಸಿದಾಗ ಆ ಪುಟ್ಟ ಕೈ ಅವನ ಮುಷ್ಟಿಯೊಳಗೆ ಮುಚ್ಚಿಹೋಗಿತ್ತು. ಆ ಮೆತ್ತನೆಯ ಕೈ ಅವನ ಮನಸ್ಸಿನಿಂದ ಆಮೇಲೆ ಹೋಗಲೇ ಇಲ್ಲ.

ಅವಳಿಗೆ ಆರು ತುಂಬುವ ವರ್ಷ ಅವನು ಪೇಟೆಗೆ ಬಳೆ ತರಲು ಹೋದ. ಅಂಗಡಿಯವರು ಅಳತೆ ಕೇಳಿದರು. ಹೋದ ವರ್ಷದ್ದೇ ಕೊಡಿ ಅಂದ. ಹೋದ ವರ್ಷವೂ ಅದರ ಹಿಂದಿನ ವರ್ಷದ್ದನ್ನೇ ಒಯ್ದಿದ್ದ. ಮಗು ಬೆಳೆದಿರಬೇಕಲ್ಲ ಎಂದು ಅವರು ಅನುಮಾನಪಟ್ಟರೆ, ಅವಳೆಲ್ಲಿ ಬೆಳೆದಾಳು, ಇನ್ನೂ ಕೂಸು ಎಂದು ನಕ್ಕ. ಊರವರ ಕೈಯ ಅಳತೆಯೆಲ್ಲ ಬಲ್ಲವನಿಗೆ ಮನೆಯ ಕೈ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಹುಟ್ಟುಹಬ್ಬದ ಬೆಳಿಗ್ಗೆ ದಾಕ್ಷಿ ಹೊಸ ಲಂಗ ಉಟ್ಟು ಅಪ್ಪನ ಮುಂದೆ ಕೂತಳು. ಎಡಗೈಗೆ ಬಳೆ ಹೇಗೋ ಏರಿದವು. ಬಲಗೈಗೆ ಸುಲಭವಾಗಿ ಏರಲಿಲ್ಲ. ಶಾಂತಪ್ಪ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಸಾಬೂನು ಹಚ್ಚಿದ, ಒತ್ತಿದ, ಮಡಿಸಿದ, ಏರಿಸಿಯೇಬಿಟ್ಟ. ದಾಕ್ಷಿ ಹಲ್ಲು ಕಚ್ಚಿ ನಗುತ್ತಿದ್ದಳು. ಅವನು ನಗುವನ್ನಷ್ಟೇ ನೋಡಿದ. ತಾಯಿಯನ್ನೂ ಹೆಂಡತಿಯನ್ನೂ ಕರೆದು, ನೋಡಿ, ಇನ್ನೂ ಅದೇ ಕೈ ಎಂದು ಹೆಮ್ಮೆಯಿಂದ ತೋರಿಸಿದ.

ಮಧ್ಯಾಹ್ನ ಎಲ್ಲರೂ ಹುಗ್ಗಿ ಉಣ್ಣಲು ಕೂತರು. ದಾಕ್ಷಿ ಎಡಗೈಯಿಂದ ಉಣ್ಣುತ್ತಿದ್ದಳು. ಅಜ್ಜಿ ಗದರಿಸಿದಳು. ಮಗು ತಲೆ ತಗ್ಗಿಸಿತೇ ಹೊರತು ಬಲಗೈ ಹೊರಗೆ ತೆಗೆಯಲಿಲ್ಲ. ಅವಳ ತಾಯಿ ನೀಲಮ್ಮ ಲಂಗದ ಮರೆಯಲ್ಲಿದ್ದ ಆ ಕೈಯನ್ನು ಎಳೆದು ನೋಡಿದಳು. ಕೈ ಊದಿಕೊಂಡಿತ್ತು. ಬಳೆಗಳು ಚರ್ಮಕ್ಕೆ ಕಚ್ಚಿ ಕೂತಿದ್ದವು. ಎಣ್ಣೆ ಹಚ್ಚಿದರೂ ಜಾರಲಿಲ್ಲ.

ಒಡೆದು ತೆಗೆಯುವುದೊಂದೇ ದಾರಿಯಾಗಿತ್ತು. ಹುಟ್ಟಿದ ದಿನ ಹೆಣ್ಣುಮಗುವಿನ ಬಳೆ ಒಡೆಯುವುದು ಅಪಶಕುನ, ನಾಳೆ ನೋಡಿದರಾಯಿತು ಎಂದಳು ಅಜ್ಜಿ. ಕೈ ನೋಡನೋಡುತ್ತ ಇನ್ನೂ ಊದುತ್ತಿತ್ತು. ಶಾಂತಪ್ಪನಿಗೆ ಒಂದು ಕಡೆ ತಾಯಿಯ ಮಾತು, ಇನ್ನೊಂದು ಕಡೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು. ಆಮೇಲೆ ಎದ್ದು ಇಕ್ಕಳ ತಂದ.

"ಬಳಿ ಪ್ಯಾಟ್ಯಾಗ ಸಿಗ್ತಾವ, ಕೈ ಸಿಗಂಗಿಲ್ಲಬೇ ಅವ್ವ," ಎಂದು, ಬಳೆಯ ಅಡಿಗೆ ಮೆತ್ತನೆಯ ಬಟ್ಟೆ ತೂರಿಸಿ ಒಂದೊಂದನ್ನೇ ಒಡೆದ. ಪ್ರತಿ ಬಳೆಗೂ ಅವನ ಜೀವ ಚುರುಕ್ ಎನ್ನುತ್ತಿತ್ತು. ಅಜ್ಜಿಯೇ ಎದ್ದು ಅರಿಸಿನ ತಂದು ಮೊಮ್ಮಗಳ ಕೈಗೆ ಹಚ್ಚಿದಳು.

ಇಷ್ಟು ನೋವಿದ್ದರೂ ಏಕೆ ಹೇಳಲಿಲ್ಲ ಎಂದು ಶಾಂತಪ್ಪ ಮಗಳನ್ನು ಕೇಳಿದ.

"ಹೇಳಿದ್ರ ನಾ ದೊಡ್ಡಾಕಿ ಆಗೀನಿ ಅಂತ ನಿನಗ ಗೊತ್ತಾಗ್ತಿತ್ತಲ್ಲಪ್ಪ," ಅಂದಳು ದಾಕ್ಷಿ. "ನಿನಗ ಸಣ್ಣ ದಾಕ್ಷಿನ ಬೇಕಲ್ಲ."

ಶಾಂತಪ್ಪ ಮಗಳ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಅಂದು ನಿಜವಾಗಿ ನೋಡಿದ. ಬೆರಳು ಉದ್ದವಾಗಿದ್ದವು. ಉಗುರಿನಲ್ಲಿ ಬಳಪದ ಪುಡಿ ಇತ್ತು. ಮೊಣಕೈಯಲ್ಲಿ ಎಲ್ಲೋ ಬಿದ್ದು, ತಾನೇ ಎದ್ದು, ಯಾರಿಗೂ ಹೇಳದೆ ಮಾಯಿಸಿಕೊಂಡ ಗಾಯದ ಗುರುತಿತ್ತು. ಅಯ್ಯೋ, ಇದೆಲ್ಲ ಯಾವಾಗ ಆಯಿತು ಅನ್ನಿಸಿತು. ಕೂಸು ಹೋಯಿತಲ್ಲ ಎಂದು ಸಂಕಟವಾಯಿತು, ಇಂಥ ಮಗಳು ಬಂದಳಲ್ಲ ಎಂದು ಹಿಗ್ಗೂ ಆಯಿತು. ಎರಡೂ ಸೇರಿ ಕಣ್ಣಲ್ಲಿ ನೀರು ಬಂತು.

ಊತ ಇಳಿದ ಮೇಲೆ ಒಂದು ಸಂಜೆ ಅವನು ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಗಂಟು ಬಿಚ್ಚಿದ. ಗಿರಾಕಿಗಳನ್ನು ಕೇಳುವ ಹಾಗೆ ಯಾವ ಬಣ್ಣ ಬೇಕು ಎಂದು ಕೇಳಿದ. ದಾಕ್ಷಿ ಹಸಿರು ಎಂದಳು. ಪ್ರತಿ ವರ್ಷ ಕೆಂಪು ತರುತ್ತಿದ್ದ ಅಪ್ಪನಿಗೆ ಇದೂ ಹೊಸ ಸುದ್ದಿಯೇ. ದೊಡ್ಡ ಅಳತೆಯ ಹಸಿರು ಬಳೆಗಳನ್ನು ನಿಧಾನವಾಗಿ ತೊಡಿಸಿ, ಊರವರನ್ನೆಲ್ಲ ಕೇಳುತ್ತಿದ್ದ ಮಾತನ್ನು ಮೊದಲ ಸಲ ತನ್ನ ಮಗಳನ್ನು ಕೇಳಿದ.

"ಬಿಗಿ ಆತೇನವ್ವ?"

ದಾಕ್ಷಿ ಕೈ ಎತ್ತಿ ಬಳೆಗಳನ್ನು ಒಮ್ಮೆ ಗಲಗಲ ಆಡಿಸಿ ನೋಡಿದಳು.

"ಚೂರು ಸಡ್ಲ ಅದಾವಪ್ಪ. ಇರ್ಲಿ ಬಿಡು, ನಾ ಇನ್ನೂ ಬೆಳಿತೀನಲ್ಲ."

ನೀತಿ: ಹುಟ್ಟುಹಬ್ಬಕ್ಕೆ ಮಗುವಿಗೆ ಏನು ತರಲಿ ಎಂದು ಯೋಚಿಸುವ ಮೊದಲು ಮಗು ಎಷ್ಟು ಬೆಳೆದಿದೆ ಎಂದು ನೋಡಿ. ಗೊತ್ತಾಗದಿದ್ದರೆ ಮಗುವನ್ನೇ ಕೇಳಿ. ನಮ್ಮ ಪ್ರೀತಿ ಬಿಗಿಯಾದರೂ ಮಕ್ಕಳು ನಮಗಾಗಿ ಹಲ್ಲು ಕಚ್ಚಿ ತೊಟ್ಟುಕೊಳ್ಳುತ್ತಾರೆ. ಪ್ರೀತಿಯನ್ನು ಚೂರು ಸಡಿಲವಾಗಿಯೇ ತೊಡಿಸಬೇಕು.