ಬಡಗಿಯ ನಿಂಬೆ ಗಿಡ

ಶಿಷ್ಯೆಯೊಬ್ಬಳು ಕೇಳಿದಳು: "ಗುರುಗಳೇ, ನನ್ನ ತಂಗಿಯ ಮಗ ತೀರಿಕೊಂಡು ವರ್ಷವಾಗುತ್ತ ಬಂತು. ಅವಳಿಗೆ ನೋವಾಗಬಾರದೆಂದು ಅವನ ಬಟ್ಟೆ, ಆಟದ ಸಾಮಾನು ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ಮನೆಗೆ ಬಂದವರಿಗೆ ಬಾಗಿಲಲ್ಲೇ ಹೇಳುತ್ತೇನೆ, ಮಗುವಿನ ಸುದ್ದಿ ಎತ್ತಬೇಡಿ ಎಂದು. ಅವಳೇ ಎತ್ತಿದರೂ ಮಾತು ತಿರುಗಿಸುತ್ತೇನೆ. ಆದರೂ ಅವಳು ಸೊರಗುತ್ತಿದ್ದಾಳೆ. ಈಗ ಊಟವನ್ನೂ ಬಿಟ್ಟಿದ್ದಾಳೆ. ಇನ್ನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ. ಅವನ ಹೆಂಡತಿ ಸಾಯುವ ಮುಂಚೆ ಹಿತ್ತಲಿನಲ್ಲಿ ಒಂದು ನಿಂಬೆ ಗಿಡ ನೆಟ್ಟಿದ್ದಳು. ಅವಳದೆಂದು ಅವನಿಗೆ ಉಳಿದದ್ದು ಅದೊಂದೇ. ಬೇಸಿಗೆ ಬಂದಾಗ ಪಕ್ಕದ ಮನೆಯ ಅಜ್ಜಿ, "ನೆಲ ಒಣಗ್ತಿದೆಯಲ್ಲಪ್ಪ. ನಿನ್ನ ಹತ್ತಿರ ಮರದ ಚಕ್ಕೆ ರಾಶಿ ಬಿದ್ದಿದೆ. ಬುಡದಿಂದ ಒಂದು ಗೇಣು ಬಿಟ್ಟು ಸುತ್ತ ಹಾಸು" ಎಂದಳು. ಹಾಸಿದ. ನೆಲದಲ್ಲಿ ತೇವ ನಿಂತಿತು. ಗಿಡ ಚಿಗುರಿತು.

ಬಿಸಿಲು ಇನ್ನೂ ಏರಿತು. ಬಡಗಿಗೆ ಭಯವಾಯಿತು. ಹಸಿ ಹಲಗೆ ಬಿಸಿಲಿಗೆ ಸೀಳುತ್ತದೆ; ಅದಕ್ಕೆ ಅವನು ಹಲಗೆಗಳನ್ನು ಚಕ್ಕೆಯಡಿ ಮುಚ್ಚಿಡುತ್ತಿದ್ದ. ಗಿಡಕ್ಕೂ ಹಾಗೆಯೇ ಮಾಡಿದ. ಬಿಟ್ಟಿದ್ದ ಗೇಣನ್ನು ತುಂಬಿದ. ಕಾಂಡಕ್ಕೆ ಒತ್ತಿ ಚಕ್ಕೆ ಏರಿಸಿದ. ದಿನವೂ ನೀರು ಹಾಕಿದ.

ಅಜ್ಜಿ ಬೇಲಿಯಾಚೆಯಿಂದ ನೋಡಿದಳು. "ಏನಯ್ಯಾ, ಗಿಡಕ್ಕೆ ಕಂಬಳಿ ಹೊದಿಸಿ ಮಲಗಿಸಿದ್ದೀಯಾ? ಬುಡಕ್ಕೆ ಗಾಳಿ ಬೇಕು, ತೆಗಿ."

"ಮರದ ವಿಷಯ ನನಗೇ ಹೇಳಿಕೊಡ್ತೀಯಾ ಅಜ್ಜಿ? ನಾನು ಮುಚ್ಚಿಟ್ಟ ಹಲಗೆ ಒಂದಾದರೂ ಸೀಳಿದ್ದು ಕಂಡಿದ್ದೀಯಾ?"

"ನಿನ್ನ ಕೈಗೆ ಬರೋದೆಲ್ಲ ಸತ್ತ ಮರ ಕಣಪ್ಪ. ಅದು ಹೆಂಗೆ ಮುಚ್ಚಿಟ್ಟರೂ ಇರುತ್ತೆ."

ಬಡಗಿ ನಕ್ಕ. ಎಲೆ ಹಳದಿಯಾಯಿತು. ಇನ್ನೊಂದು ಬುಟ್ಟಿ ಚಕ್ಕೆ ಸುರಿದ. ಎಲೆ ಉದುರಿತು. ಮತ್ತೊಂದು ಬುಟ್ಟಿ ಸುರಿದ. ಕೊನೆಗೆ ಒಂದು ಬೆಳಗ್ಗೆ ಎರಡೂ ಕೈಯಿಂದ ಚಕ್ಕೆ ಬಗೆದು ನೋಡಿದ. ಕಾಂಡದ ತೊಗಟೆ ಕೊಳೆತು ಬೆರಳಿಗೆ ಅಂಟಿಕೊಂಡು ಬಂತು. ಕೆಳಗಿನ ಮಣ್ಣು ಮಾತ್ರ ತಂಪಾಗಿತ್ತು. ಅದರಲ್ಲಿ ಏನು ನೆಟ್ಟರೂ ಬರುವಂತಿತ್ತು. ಅವನು ಏನನ್ನೂ ನೆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ತಿಳಿಯಿತು ಗುರುಗಳೇ. ಇವತ್ತೇ ಹೋಗಿ ಗಂಟು ಬಿಚ್ಚುತ್ತೇನೆ. ಮಗನ ವಿಷಯ ಅವಳ ಜೊತೆ ನಾನೇ ಮಾತಾಡುತ್ತೇನೆ."

"ಒಳ್ಳೆಯದು ತಾಯಿ. ಮಗುವಿನ ಹೆಸರೇನು?"

ಶಿಷ್ಯೆಯ ತುಟಿ ಅಲುಗಿತು. ಹೆಸರು ಹೊರಡಲಿಲ್ಲ.